ಚಿಕ್ಕಮುನಿಯಮ್ಮನವರ ಬಲದವಡೆ

ಚಿಕ್ಕಮುನಿಯಮ್ಮನವರ ಬಲದವಡೆಯೊಳಗೆ ಮೂಳೆ ತುಂಬಿದೆಯೋ ಇಲ್ಲವೋ? ಎರಡು ತಿಂಗಳಿಂದ ಈ ಚಿಂತೆ ನನ್ನನ್ನು ಬಿಟ್ಟಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತರೂ ಅದೇ, ವೇಣಿಗೆ ಅನ್ನ ಕಲಸುವಾಗಲೂ ಅದೇ.

ಕುಂದಲಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಗಲ್ಲಿಯಲ್ಲೇ ಅವರ ಮನೆ. ಈಗ ನಮ್ಮ ಕಾರುಗಳು ನಿಲ್ಲುವ ಕಡೆ ಒಂದು ಕಾಲಕ್ಕೆ ಅವರ ಮಾವ ದ್ರಾಕ್ಷಿ ಬೆಳೆಯುತ್ತಿದ್ದರಂತೆ. "ಸುಮ್ಕೆ ಕುಂತ್ರೆ ಕಾಲು ಇಡ್ಕೊತವೆ ಕಣವ್ವಾ" ಎಂದು ನನ್ನ ಎರಡು ವರ್ಷದ ವೇಣಿಯನ್ನು ಹಗಲೆಲ್ಲ ನೋಡಿಕೊಳ್ಳುತ್ತಾರೆ. ನನ್ನ ಕೆಲಸ ಉಳಿದಿರುವುದೇ ಅವರಿಂದ.

ಕಳೆದ ವರ್ಷ ಅವರ ಕೆನ್ನೆ ಊದಿತು. "ಮುದ್ದೆ ನುಂಗಾಕೆ ದವಡೆ ಯಾಕೆ?" ಎಂದು ತಿಂಗಳುಗಟ್ಟಲೆ ತಳ್ಳಿದರು. ಕೊನೆಗೆ ನಾನೇ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋದೆ. ದವಡೆಮೂಳೆಯೊಳಗೆ ನೀರು ತುಂಬಿದ ಚೀಲದಂಥ ಸಿಸ್ಟ್ ಇತ್ತು. ಅದನ್ನು ತೆಗೆದ ಮೇಲೆ ಉಳಿಯುವ ಗುಳಿಯೊಳಗೆ ಕೃತಕ ಮೂಳೆಪುಡಿ ತುಂಬಬೇಕು. ಡಾಕ್ಟರ್ ಶ್ರೀರಂಜನಿ ಅಲ್ಲಿ ಎರಡು ಬಗೆಯ ಪುಡಿಗಳನ್ನು ಹೋಲಿಸಿ ನೋಡುತ್ತಿದ್ದರು. ಒಂದು ಕ್ಯಾಲ್ಸಿಯಂನದು, ಇನ್ನೊಂದು ಗಾಜಿನ ಜಾತಿಯದು. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿ ತೀರ್ಮಾನ.

"ಗಾಜಾ? ಬಳೆಚೂರು ತುಂಬ್ತೀರಾ ನನ್ ಬಾಯ್ಗೆ?"

"ಬಳೆ ಅಲ್ಲ ಅಜ್ಜಿ, ಮೆಲ್ಲಗೆ ಕರಗಿ ಮೂಳೆಗೆ ಜಾಗ ಬಿಡೋ ಗಾಜು," ಡಾಕ್ಟರ್ ನಕ್ಕರು.

"ಅಂಗಾರೆ ಅಸುರು ಬಣ್ಣದ್ದೇ ಆಕಿ."

ಚೀಟಿಯಲ್ಲಿ ಗಾಜಿನದೇ ಬಂತು. ಆಪರೇಷನ್ ಆದ ಮೂರನೇ ತಿಂಗಳ ಎಕ್ಸ್‌ರೇಯಲ್ಲಿ ಗುಳಿಯ ಅಂಚಿನಲ್ಲಷ್ಟೇ ಮೂಳೆ ಮೂಡಿತ್ತು. "ಆರನೇ ತಿಂಗಳ ಫೋಟೋ ನೋಡೋವರೆಗೂ ಬಲಗಡೆ ಗಟ್ಟಿ ಪದಾರ್ಥ ಕಡೀಬೇಡಿ. ನಾವೇ ಕರೀತೀವಿ" ಎಂದರು. ಚಿಕ್ಕಮುನಿಯಮ್ಮನವರ ಫೋನಿಗೆ ಚಾರ್ಜೇ ಇರುವುದಿಲ್ಲ. ಹಾಗಾಗಿ ಫಾರಂನಲ್ಲಿ ಬರೆಸಿದ್ದು ನನ್ನ ನಂಬರು.

ಆರನೇ ತಿಂಗಳಿಗೆ ಡಾಕ್ಟರೇ ಫೋನ್ ಮಾಡಿ ಕರೆದರು. ಆದರೆ ಆ ವಾರವೆಲ್ಲ ನನಗೆ ಆಫೀಸಿನ ರಿವ್ಯೂ ಮೀಟಿಂಗು. ಅಜ್ಜಿ ಒಂದು ದಿನ ಹೋದರೆ ವೇಣಿಯನ್ನು ಯಾರು ನೋಡಬೇಕು? "ಅವರು ಊರಲ್ಲಿಲ್ಲ ಮೇಡಂ, ಬಂದ್ಮೇಲೆ ನಾನೇ ಫೋನ್ ಮಾಡ್ತೀನಿ" ಎಂದುಬಿಟ್ಟೆ. ಪಕ್ಕದ ಕೋಣೆಯಲ್ಲಿ ಅವರು ನನ್ನ ಮಗಳನ್ನು ತಟ್ಟಿ ಮಲಗಿಸುತ್ತಿದ್ದರು. ಮುಂದಿನ ವಾರ, ಮುಂದಿನ ವಾರ ಎನ್ನುತ್ತ ದಿನ ಕಳೆದೆ. ತಡವಾದಷ್ಟೂ ಫೋನ್ ಮಾಡಲು ಮುಖವಿಲ್ಲದಂತಾಯಿತು.

ಇವತ್ತು ಬೆಳಿಗ್ಗೆ ಕಡಲೆಕಾಯಿ ಹುರಿದ ವಾಸನೆ ಬಂತು. ಮಗುವಿನ ಗಂಟಲಿಗೆ ಬೀಜ ಸಿಕ್ಕಿಕೊಂಡೀತೆಂದು ಅಡುಗೆಮನೆಗೆ ಓಡಿದೆ. ಅವರು ಬೆಲ್ಲ ಸೇರಿಸಿ ನುಣ್ಣಗೆ ಕುಟ್ಟಿ ಎರಡು ಬಟ್ಟಲಿಗೆ ಹಾಕುತ್ತಿದ್ದರು.

"ಎರಡನೇದು ಯಾರಿಗೆ ಅಜ್ಜಿ?"

"ನಂಗೇ. ಫೋಟೋ ತೆಗ್ಸೋಗಂಟ ಕಡೀಬ್ಯಾಡ ಅಂದವ್ರಲ್ಲ ಡಾಕ್ಟ್ರಮ್ಮ. ಕರೀಲೇ ಇಲ್ಲ ನೋಡು. ಅವ್ರಿಗೂ ಎಷ್ಟ್ ಜನದ್ ದವಡೆಯೋ, ಪಾಪ, ಮರ್ತವ್ರೆ."

"ನೋವಿದೆಯಾ?"

"ನೋವಿಲ್ಲ. ಒತ್ತಿದ್ರೆ ಒಂಚೂರು ಮೆತ್ಗೈತೆ."

"ಅವರು ಮರೆತಿಲ್ಲ ಅಜ್ಜಿ. ಕರೆದಿದ್ರು. ನೀವು ಊರಲ್ಲಿಲ್ಲ ಅಂತ ನಾನೇ ಹೇಳ್ದೆ. ವೇಣಿನ ನೋಡ್ಕೊಳ್ಳೋರು ಇಲ್ಲ ಅಂತ..."

ಅವರು ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟರು. "ಒಂದ್ ಮಾತು ಏಳಿದ್ರೆ ಮಗೀನೂ ಎತ್ಕೊಂಡೇ ಓಗಿ ಬರ್ತಿದ್ನಲ್ಲವ್ವಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವರೆದುರೇ ಕಾಲೇಜಿನ ನಂಬರು ಒತ್ತಿ ಸ್ಪೀಕರಿಗೆ ಹಾಕಿದೆ. ಮೂರನೇ ರಿಂಗಿಗೆ ಶ್ರೀರಂಜನಿಯವರ ದನಿ ಕೇಳಿತು.

"ಮೇಡಂ, ಚಿಕ್ಕಮುನಿಯಮ್ಮ ಊರಲ್ಲೇ ಇದ್ರು. ಅವತ್ತು ನಾನು ಹೇಳಿದ್ದು ಸುಳ್ಳು. ಇವತ್ತೇ ಕರ್ಕೊಂಡ್ ಬರ್ಲಾ?"