ಹಗೆಯ ಬಾಯಿ ತೆಗೆದ ದಿನ

ಆಗ ನನಗೆ ಅರವತ್ತೆರಡು ವರ್ಷ. ಅದಾಗಿ ಒಂಬತ್ತು ವರ್ಷ ಆಯಿತು. ಆಧಾರ್ ಕಾರ್ಡನ್ನು ನಂಬುವುದಾದರೆ ಈ ಲೆಕ್ಕ ಸರಿ.

ದಿನಾ ಮೊದಲ ಬಸ್ಸಿಗೆ ಸೊಪ್ಪಿನ ಮಂಕರಿ ಹೊತ್ತುಕೊಂಡು ನರಸೀಪುರಕ್ಕೆ ಹೋಗುತ್ತಿದ್ದೆ. ನಮ್ಮೂರಿಂದ ನಂಜನಗೂಡಿಗೂ ಬಸ್ಸಿದೆ, ಆದರೆ ಅಲ್ಲಿ ಸೊಪ್ಪು ಮಾರುವವರು ಜಾಸ್ತಿ, ಕಿತ್ತಾಟವೂ ಜಾಸ್ತಿ. ನರಸೀಪುರದಲ್ಲಿ ಬಸ್ ಸ್ಟ್ಯಾಂಡಿನ ಪಕ್ಕ ಗೋಣಿ ಹಾಸಿ ಕೂತರೆ ದಂಟು, ಕೀರೆ, ಸಬ್ಬಸಿಗೆ ಬಿಸಿಲು ಏರುವುದರೊಳಗೆ ಖಾಲಿ. ವಾಪಸು ಬಸ್ಸು ಮಾತ್ರ ಮಧ್ಯಾಹ್ನ. ಅಲ್ಲಿಯವರೆಗೆ ಎಲ್ಲಿ ಕೂರುವುದು? ಹಿಂದಿನ ಬೀದಿಯಲ್ಲಿ ಒಂದು ಪ್ರಾರ್ಥನೆ ಮನೆ ಇತ್ತು. ಮೇಲೆ ಶೀಟು, ಕೆಳಗೆ ಚಾಪೆ, ಮಧ್ಯೆ ಒಂದು ಫ್ಯಾನು. ಒಂದು ಭಾನುವಾರ ಬಾಗಿಲು ತೆರೆದಿತ್ತು, ಹೋಗಿ ಕೂತೆ. ನಾನು ಯೇಸುಸ್ವಾಮಿಯನ್ನು ಹುಡುಕಿಕೊಂಡು ಹೋದವಳಲ್ಲ. ಫ್ಯಾನು ಹುಡುಕಿಕೊಂಡು ಹೋದವಳು.

ಯಾರೂ ಏಳು ಅನ್ನಲಿಲ್ಲ. ನೀನು ಯಾರ ಪೈಕಿ ಅಂತಲೂ ಕೇಳಲಿಲ್ಲ. ಅಲ್ಲಿ ಪ್ರಾರ್ಥನೆ ನಡೆಸುವ ಅಯ್ಯನೋರ ಹೆಂಡತಿ ಬಂದು ನೀರು ಕೊಟ್ಟರು. ಲೋಟ ಎತ್ತಿ ಕುಡಿಯಲು ಹೋದೆ. ‘ಕಚ್ಕಂಡೇ ಕುಡೀರಿ ಅವ್ವಾ, ಮೈಮ್ಯಾಲೆಲ್ಲ ಚೆಲ್ಕತೀರಿ’ ಅಂದರು. ಆ ಅಮ್ಮ ನಂಜನಗೂಡಿನ ಕಡೆ ಹಳ್ಳಿಯವರು, ಮಾತು ನಮ್ಮದೇ. ಅಯ್ಯನೋರು ಮಾತ್ರ ದೂರದ ಊರಿನವರು. ಪುಸ್ತಕದಲ್ಲಿ ಇರುವ ಹಾಗೆಯೇ ಮಾತಾಡುತ್ತಿದ್ದರು.

ಆಮೇಲೆ ಭಾನುವಾರ ತಪ್ಪಿಸಲಿಲ್ಲ. ಹಾಡು ಹೇಳುವಾಗ ನಾನೂ ಕೈ ತಟ್ಟಿ ಹೇಳುತ್ತಿದ್ದೆ. ನನ್ನ ರಾಗ ಎಲ್ಲರಿಗಿಂತ ಮುಂದೆ ಓಡುತ್ತಿತ್ತು. ಆ ಅಮ್ಮ ಚಾಪೆಯ ಮೇಲೆ ಕೂರಿಸಿಕೊಂಡು ಅಕ್ಷರ ಕಲಿಸಿದರು. ನನ್ನ ಹೆಸರು ನಾನೇ ಬರೆದ ದಿನ ಮಂಕರಿ ಅಲ್ಲೇ ಮರೆತು ಬಸ್ಸು ಹತ್ತಿದ್ದೆ. ಬಾಯಿ ಬಿಟ್ಟು ಹಾಡಿ, ಎಲ್ಲರ ಜೊತೆ ಕೂತು ಚಿತ್ರಾನ್ನ ತಿಂದು ಬರುವಾಗ ಬಸ್ಸಿನ ಕಿಟಕಿಯಲ್ಲಿ ಗದ್ದೆ ನೋಡಿದರೂ ನಗು ಬರುತ್ತಿತ್ತು. ಮನಸ್ಸು ಹಗುರ. ಆದರೆ ಊರಲ್ಲಿ ಇಳಿದು ನಮ್ಮ ಅಂಗಳಕ್ಕೆ ಕಾಲಿಟ್ಟ ಕೂಡಲೇ ಅದೆಲ್ಲ ಮುಗಿಯುತ್ತಿತ್ತು. ಅಲ್ಲಿ ನನ್ನ ವಾರಗಿತ್ತಿ ಇದ್ದಳು.

ಅವಳು ನನ್ನ ಮೈದುನನ ಹೆಂಡತಿ. ಒಂದೇ ಅಂಗಳ, ಎದುರು ಬದುರು ಬಾಗಿಲು. ನಾವು ಮಾತು ಬಿಟ್ಟು ಹದಿನೈದು ವರ್ಷದ ಮೇಲಾಗಿತ್ತು. ಯಾಕೆ ಅಂತ ಹೇಳಬೇಕಾದರೆ ಅಂಗಳದ ನಡುವೆ ಇದ್ದ ಹಗೆಯ ವಿಷಯ ಹೇಳಬೇಕು.

ಹಗೆ ಅಂದರೆ ರಾಗಿ ಗುಂಡಿ. ಆಳಿಗಿಂತ ಆಳಕ್ಕೆ ತೋಡಿ, ರಾಗಿ ಸುರಿದು, ಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಡುವುದು. ಬರೆಯುವಾಗ ಹಗೆ, ಹಗೇವು. ನಮ್ಮ ಬಾಯಲ್ಲಿ ಅಗೆ. ಎಷ್ಟು ವರ್ಷ ಬಿಟ್ಟು ತೆಗೆದರೂ ರಾಗಿ ಕೆಡುವುದಿಲ್ಲ. ಆದರೆ ಒಳಗಿನ ಗಾಳಿ ಕೆಟ್ಟಿರುತ್ತದೆ. ಚಪ್ಪಡಿ ಸರಿಸಿದ ಕೂಡಲೇ ಇಳಿಯಬಾರದು. ಗಾಳಿ ಆಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಆಳು ಇಳಿಯಬಹುದು. ಆರಿದರೆ ಇನ್ನೂ ಕಾಯಬೇಕು. ನಮ್ಮ ಯಜಮಾನ ಬಾಯಿ ತೆಗೆದ ಮೇಲೆ ಅದರ ಪಕ್ಕದಲ್ಲೇ ಕೂತು ಬೀಡಿ ಸೇದುತ್ತಿದ್ದ. ಎರಡು ಬೀಡಿ ಮುಗಿಯುವವರೆಗೆ ದೀಪವನ್ನೂ ಮುಟ್ಟುತ್ತಿರಲಿಲ್ಲ.

ನಾವು ಮಾತು ಬಿಟ್ಟ ದಿನ ವಾರಗಿತ್ತಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದರು. ಅವರು ಬರುವುದು ನಾಳೆ ಅಂದುಕೊಂಡಿದ್ದೆವು, ಅವತ್ತೇ ಬಂದುಬಿಟ್ಟರು. ಮನೆಯಲ್ಲಿ ರಾಗಿ ಮುಗಿದಿತ್ತು. ಯಜಮಾನ ಹಗೆಯ ಬಾಯಿ ತೆಗೆದು ಬೀಡಿ ಹಚ್ಚಲು ಹೋದ. ಅವಳು ಬಾಗಿಲಲ್ಲಿ ನಿಂತು, ‘ಬ್ಯಾಗ ಇಳೀರಿ ಭಾವಾ, ಅವ್ರು ಬಸ್ ಇಳದವ್ರಂತೆ’ ಅಂದಳು. ಇವನು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಇಳಿದ. ಮತ್ತೆ ಮೇಲೆ ಬಂದದ್ದು ಹಗ್ಗದಲ್ಲಿ. ಟೆಂಪೊದಲ್ಲಿ ನಂಜನಗೂಡಿನ ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ಡಾಕ್ಟರು ಕಣ್ಣು ಬಿಡಿಸಿ ನೋಡಿ, ತಲೆ ಅಲ್ಲಾಡಿಸಿದರು. ಬೀಡಿ ಇನ್ನೂ ಕಿವಿಯಲ್ಲೇ ಇತ್ತು.

ಹಗೆಗೆ ಮತ್ತೆ ಚಪ್ಪಡಿ ಎಳೆದರು. ಒಳಗಿದ್ದ ರಾಗಿ ಒಳಗೇ ಉಳಿಯಿತು. ಅವಳ ಜೊತೆ ನನ್ನ ಮಾತು ಅವತ್ತೇ ನಿಂತಿತು. ಅವಳೂ ಬಂದು ಒಂದು ಮಾತು ಆಡಲಿಲ್ಲ. ಬೆಳಿಗ್ಗೆ ಅಂಗಳ ಗುಡಿಸಿದರೆ ನಾನು ಚಪ್ಪಡಿಯ ಈಚೆಗೆ, ಅವಳು ಆಚೆಗೆ. ಮೈದುನ ಪಾಪದವನು, ‘ಅತ್ಗೆಮ್ಮಾ, ಅವಳು ಹಿಂಗಂದ್ಲು’ ಅಂತ ಇತ್ತ, ‘ಲೇ, ಅತ್ಗೆ ಹಿಂಗಂದ್ರು’ ಅಂತ ಅತ್ತ, ಅಂಚೆಯವನ ಹಾಗೆ ಓಡಾಡಿಕೊಂಡಿದ್ದ. ಬೈಯಬೇಕು ಅನ್ನಿಸಿದರೆ ನಾವಿಬ್ಬರೂ ಕೋಳಿಗೆ ಬೈಯುತ್ತಿದ್ದೆವು.

ನಾನು ಪ್ರಾರ್ಥನೆಗೆ ಹೋಗುವುದು ಗೊತ್ತಾದ ಮೇಲೆ ಅವಳು ಕೋಳಿಗೆ ಕಾಳು ಹಾಕುತ್ತಾ ಗಟ್ಟಿಯಾಗಿ ಅಂದಳು: ‘ಕೆಲವ್ರು ದ್ಯಾವ್ರನ್ನೇ ಬದಲಾಯಿಸ್ಕಂಡವ್ರೆ ಕಣೇ ಕೋಳಿ. ಮೊಕದ್ ಮ್ಯಾಲಿನ್ ಗಂಟು ಮಾತ್ರ ಅದೇಯಾ.’

ನಾನು ನನ್ನ ಕೋಳಿಗೆ ಹೇಳಿದೆ: ‘ಕೆಲವ್ರಿಗೆ ದ್ಯಾವ್ರೂ ಇಲ್ಲ, ಮೊಕಾನೂ ಇಲ್ಲ. ತಿನ್ನು ನೀನು.’

ಹೇಳಿದ್ದೇನೋ ಹೇಳಿದೆ. ಆದರೆ ಅವಳು ಅಂದದ್ದು ನಿಜ ಅಂತ ನನಗೆ ಗೊತ್ತಿತ್ತು. ದಿನಾ ಅವಳ ಬಾಗಿಲು ಕಂಡಾಗ ಅದೇ ಮಾತು ಕಿವಿಯಲ್ಲಿ. ಬ್ಯಾಗ ಇಳೀರಿ ಭಾವಾ. ಭಾನುವಾರ ಸಿಕ್ಕಿದ ಸಮಾಧಾನ ಭಾನುವಾರ ಸಂಜೆಗೇ ಖರ್ಚು. ಅದು ನನಗೆ ವಾರಪೂರ್ತಿ ಬೇಕಾಗಿತ್ತು. ಸಾಯುವುದರೊಳಗೆ ಅದು ಸಿಗುತ್ತದೋ ಇಲ್ಲವೋ ಅನ್ನುವುದು ಬಿಟ್ಟು ನನಗೆ ಬೇರೆ ಚಿಂತೆಯೇ ಇರಲಿಲ್ಲ.

ಹಾಗಿರುವಾಗ ಒಂದು ಭಾನುವಾರ ಅಯ್ಯನೋರು ಎದ್ದು ನಿಂತು ಹೇಳಿದರು: ‘ಹಗೆಯನ್ನು ಮುಚ್ಚಿಟ್ಟುಕೊಂಡು ಎಷ್ಟು ದಿನ ಬಾಳುತ್ತೀರಿ? ಅದು ಮನುಷ್ಯನನ್ನು ಕೊಲ್ಲುತ್ತದೆ. ನಿಮ್ಮ ಮನೆಯಲ್ಲಿ ಹಗೆ ಇದ್ದರೆ ಈ ದಿನವೇ ತೆಗೆಯಿರಿ.’

ಮುಂದೆ ಅವರು ಏನು ಹೇಳಿದರೋ ಕೇಳಿಸಲಿಲ್ಲ. ಇಷ್ಟು ಜನ ಕೂತಿರುವಾಗ ನನ್ನ ಮನೆಯ ಹಗೆಯನ್ನು ಎತ್ತಿ ಆಡುವುದೇ? ಇವರಿಗೆ ಯಾರು ಹೇಳಿದರು? ಎಲ್ಲರೂ ಎದ್ದು ಹೋಗುವವರೆಗೆ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಆಮೇಲೆ ನೇರ ಅವರ ಮುಂದೆ ನಿಂತೆ.

‘ಅಯ್ಯನೋರೇ, ನಮ್ಮನೆ ಅಗೆ ಸುದ್ದಿ ನಿಮಗ್ಯಾಕೆ? ನಮ್ಮ ಯಜಮಾನ ಅದ್ರಾಗ್ ಸತ್ತಿರೋದು. ತಗೀರಿ ತಗೀರಿ ಅಂತೀರಲ್ಲ, ನೀವು ಬಂದು ಇಳೀತೀರಾ?’

ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ‘ಅಮ್ಮಾ, ಹಗೆಯಲ್ಲಿ... ಇಳಿಯುವುದು ಅಂದರೆ?’

‘ಇಳೀದೆ ರಾಗಿ ಹೆಂಗ್ ತಗೀತೀರಿ?’

ಆ ಅಮ್ಮ ಚಾಪೆ ಸುತ್ತುತ್ತಿದ್ದವರು ಸೆರಗು ಬಾಯಿಗೆ ಇಟ್ಟುಕೊಂಡು ಕುಸಿದು ಕೂತರು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಗಂಡನ ಕಡೆ ತಿರುಗಿ, ‘ರೀ, ನಮ್ಮ ಕಡೆ ಹಗೆ ಅಂದ್ರೆ ರಾಗಿ ಗುಂಡಿ ಕಣ್ರೀ. ನೀವು ಹೇಳಿದ್ದು ಯಾರಿಗೂ ತಿಳಿದೇ ಇಲ್ಲ. ಈಯವ್ವ ಒಬ್ರು ಬಾಯಿ ಬಿಟ್ಟು ಕೇಳಿದ್ರು’ ಅಂದರು. ನನಗೆ ಹೇಳಿದರು: ‘ಅವ್ರು ಹೇಳಿದ್ದು ದ್ವೇಷಕ್ಕೆ ಅವ್ವಾ. ಮನಸ್ನಾಗ್ ಇಟ್ಕಂಡಿರ್ತೀವಲ್ಲ, ಆ ದ್ವೇಷ. ಪುಸ್ತಕದಾಗೆ ಅದಕ್ಕೂ ಹಗೆ ಅಂತಾರೆ.’

ಅಯ್ಯನೋರಿಗೆ ನಗು ಬರಲಿಲ್ಲ. ‘ನಿಮ್ಮ ಯಜಮಾನರು ಅದರಲ್ಲಿ ತೀರಿಕೊಂಡರೇ?’ ಅಂತ ಮೆಲ್ಲಗೆ ಕೇಳಿದರು. ಚಾಪೆಯ ಮೇಲೆ ಕೂತು ಎಲ್ಲ ಹೇಳಿದೆ. ಬೀಡಿ, ಬಸ್ಸು, ವಾರಗಿತ್ತಿ ಅಂದ ಮಾತು. ಬೇರೆ ಯಾರಿಗೂ ಅಷ್ಟು ಉದ್ದ ಹೇಳಿದವಳಲ್ಲ. ಆ ಅಮ್ಮನ ನಗು ನಿಂತುಹೋಗಿತ್ತು.

ಅಯ್ಯನೋರು ಅಂದರು, ಯೇಸುಸ್ವಾಮಿ ಮೊಳೆ ಹೊಡೆದವರನ್ನೇ ಕ್ಷಮಿಸಿದ ಅಂತ.

‘ಅವ್ನು ದ್ಯಾವ್ರು, ಮಾಡ್ದ. ನಾನು ಸೊಪ್ ಮಾರೋಳು’ ಅಂದೆ.

‘ನಿಮ್ಮ ಕೈಯಲ್ಲಿ ಆಗುವುದಿಲ್ಲ ಅಂತ ನನಗೂ ಗೊತ್ತು. ಆಗುವುದಿಲ್ಲ ಅಂತ ಅವನಿಗೇ ಹೇಳಿ. ಅದೂ ಪ್ರಾರ್ಥನೆಯೇ’ ಅಂದರು. ಅವರು ನನಗೆ ಬೇರೆ ಏನೂ ಬೋಧನೆ ಮಾಡಲಿಲ್ಲ. ಮಾಡಿದ್ದರೆ ಎದ್ದು ಬರುತ್ತಿದ್ದೆ.

ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ಒಂದೇ ಮಾತಿಗೆ ಎರಡು ಅರ್ಥ. ಮನಸ್ಸಿನೊಳಗಿನ ಹಗೆ ತೆಗೆಯುವುದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ಅದಕ್ಕೆ ಬಾಯಿ ಎಲ್ಲಿದೆ, ಚಪ್ಪಡಿ ಎಲ್ಲಿದೆ? ಅಂಗಳದ ಹಗೆ ತೆಗೆಯುವುದು ಗೊತ್ತು. ಗೊತ್ತಿರುವ ಕೆಲಸ ಮೊದಲು ಮಾಡೋಣ ಅಂದುಕೊಂಡೆ.

ಮನೆಗೆ ಬಂದು ಮಂಕರಿ ಇಟ್ಟು, ಗುದ್ದಲಿ ಹಾರೆ ತೆಗೆದುಕೊಂಡೆ. ಮೈದುನ ಹೊಲದಲ್ಲಿದ್ದ. ಚಪ್ಪಡಿಯ ಸುತ್ತ ಮೆತ್ತಿದ್ದ ಮಣ್ಣು ಕಲ್ಲಾಗಿತ್ತು. ಕೆರೆದು ಕೆರೆದು ಬಿಡಿಸಿದೆ. ಹಾರೆ ಹಾಕಿ ಮೀಟಿದರೆ ಒಂದು ಬೆರಳಷ್ಟು ಎದ್ದಿತು, ಅಷ್ಟೆ. ಬಿಟ್ಟರೆ ಮತ್ತೆ ಕೂತಿತು. ಅದು ಒಬ್ಬರ ಕೆಲಸವಲ್ಲ. ಅಲ್ಲೇ ಹಾರೆ ಹಿಡಿದುಕೊಂಡು ನಿಂತು, ಅಯ್ಯನೋರು ಹೇಳಿಕೊಟ್ಟದ್ದನ್ನು ಹೇಳಿದೆ: ‘ಸ್ವಾಮಿ, ನನ್ ಕೈಲಿ ಆಗಾಕಿಲ್ಲ ಕಣಪ್ಪ.’ ಆಮೆನ್ ಅನ್ನುವುದೂ ಮರೆತೆ.

ಸದ್ದಿಗೆ ಅವಳು ಹೊರಗೆ ಬಂದಳು. ಬಾಗಿಲಲ್ಲೇ ನಿಂತಳು. ಅದೇ ಬಾಗಿಲು, ಅದೇ ಜಾಗ. ಅವಳ ತಲೆ ಪೂರ್ತಿ ಬೆಳ್ಳಗಾಗಿದೆ ಅನ್ನುವುದನ್ನು ಅವತ್ತು ನೋಡಿದೆ. ದಿನಾ ಕಾಣುತ್ತಿದ್ದವಳೇ. ನಾನು ನೋಡಿರಲಿಲ್ಲ.

ಕೋಳಿ ಅಲ್ಲೇ ಓಡಾಡುತ್ತಿತ್ತು. ಕೋಳಿಗೆ ಹೇಳಬಹುದಾಗಿತ್ತು. ಬಾಯಿಗೂ ಅದೇ ಬಂತು. ನುಂಗಿಕೊಂಡು ಅವಳ ಮುಖ ನೋಡಿಯೇ ಅಂದೆ: ‘ನಿಂತ್ಕಂಡ್ ಏನ್ ನೋಡ್ತಿದ್ದೀಯ? ಬಾ, ಆ ಕಡೆ ಹಿಡಿ.’

ಅವಳು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಪ್ಪಡಿಯ ಆ ತುದಿ ಹಿಡಿದಳು. ನಾನು ಮೀಟಿದೆ, ಅವಳು ಎಳೆದಳು. ಕಲ್ಲು ಸರಿಯಿತು. ಒಳಗಿಂದ ಮುಗ್ಗಲು ವಾಸನೆ ಬಂತು. ಕಪ್ಪು ಬಾಯಿ. ಇಬ್ಬರೂ ಹಿಂದಕ್ಕೆ ಸರಿದೆವು.

ನಾನು ಒಳಗೆ ಏನು ಕಾಣುತ್ತದೆ ಅಂತ ಬಗ್ಗಲು ಹೋದೆ. ಅವಳು ನನ್ನ ರಟ್ಟೆ ಹಿಡಿದು ಎಳೆದಳು.

‘ಬಗ್ಬ್ಯಾಡ ಕಣಕ್ಕ! ತಡಿ, ದೀಪ ತತ್ತೀನಿ.’

ಒಳಗೆ ಓಡಿದಳು. ಸೀಮೆಎಣ್ಣೆ ಬುಡ್ಡಿಯ ಕಾಲ ಮುಗಿದಿತ್ತು, ದೇವರ ಮುಂದಿನ ದೀಪವನ್ನೇ ತಂಬಿಗೆಯಲ್ಲಿ ಕೂರಿಸಿ, ಅದರ ಕತ್ತಿಗೆ ಹಗ್ಗ ಕಟ್ಟಿಕೊಂಡು ತಂದಳು. ಹಗ್ಗ ನಾನೂ ಹಿಡಿದುಕೊಂಡೆ. ಇಬ್ಬರೂ ಮೆಲ್ಲಗೆ ಇಳಿಬಿಟ್ಟೆವು. ಮೊದಲು ಗೋಡೆ ಕೆಂಪಗೆ ಕಂಡಿತು. ಇನ್ನೊಂದು ಮೊಳ ಬಿಟ್ಟೆವು. ಬೆಳಕು ಸಣ್ಣದಾಗಿ, ನೀಲಿ ಆಗಿ, ಆರಿಹೋಯಿತು.

ಅವಳು ಅಲ್ಲೇ ಮಣ್ಣಿನ ಮೇಲೆ ಕೂತಳು. ‘ಅವತ್ತು ನಾನು ಇದ್ನ...’ ಅಂದಳು. ‘ಅಕ್ಕಾ, ನಾನು ಇದ್ನ ತಂದಿದ್ರೆ... ಬಸ್ ಇಳದವ್ರೆ ಅಂತ ನಾನು...’

ಆ ಮಾತಿಗಾಗಿ ನಾನು ಅಷ್ಟೂ ವರ್ಷ ಕಾದಿದ್ದೆ. ಅವಳು ಹೇಳಿದರೆ ಹೀಗೆ ಬೈಯಬೇಕು, ಹಾಗೆ ಬೈಯಬೇಕು ಅಂತ ಎಲ್ಲ ಜೋಡಿಸಿಟ್ಟುಕೊಂಡಿದ್ದೆ. ಹುಡುಕಿದರೆ ಒಂದೂ ಸಿಗಲಿಲ್ಲ. ಅವಳು ಅಷ್ಟು ವರ್ಷವೂ ಆ ಬಾಗಿಲಲ್ಲೇ ನಿಂತಿದ್ದಳು ಅನ್ನಿಸಿತು.

‘ಬುಡು’ ಅಂದೆ. ‘ಬಾಯಿ ತೆಗೆದೇ ಇರ್ಲಿ. ಗಾಳಿ ಆಡ್ಲಿ.’

ಕೋಳಿ ಬೀಳಬಾರದು ಅಂತ ಇಬ್ಬರೂ ಸೇರಿ ಜಾಲಿ ಮುಳ್ಳು ಎಳೆದು ಬಾಯಿಗೆ ಹಾಕಿದೆವು. ಮೈದುನ ಹೊಲದಿಂದ ಬಂದವನು ನಾವಿಬ್ಬರೂ ಒಂದೇ ಜಗುಲಿಯಲ್ಲಿ ಕೂತಿರುವುದು ಕಂಡು, ‘ಯಾರಾದ್ರೂ ಓಗ್ಬುಟ್ರಾ?’ ಅಂದ. ನನಗೆ ನಗು ಬಂತು. ಪ್ರಾರ್ಥನೆ ಮನೆಯಲ್ಲಿ ಬರುತ್ತಿತ್ತಲ್ಲ, ಅದೇ ನಗು. ನಮ್ಮ ಅಂಗಳದಲ್ಲಿ ಬಂದದ್ದು ಅವತ್ತೇ ಮೊದಲು. ಅವಳೂ ನಕ್ಕಳು, ನಗುತ್ತಲೇ ಅತ್ತಳು. ನಾನು ಅಳಲಿಲ್ಲ. ಯೇಸುಸ್ವಾಮಿಗೆ ಮಾತ್ರ, ಆಯ್ತಪ್ಪ, ಬಂದೆಯಲ್ಲ ಅಂತ ಮನಸ್ಸಿನಲ್ಲೇ ಹೇಳಿದೆ.

ಸಮಾಧಾನ ಅಂದರೆ ಏನು ಅಂತ ಹೇಳಲು ನನಗೆ ಬರುವುದಿಲ್ಲ. ಯಜಮಾನ ತಿರುಗಿ ಬರಲಿಲ್ಲ. ಅವಳ ನಾಲಿಗೆಯೂ ಮೆತ್ತಗಾಗಲಿಲ್ಲ. ಬ್ಯಾಗ ಇಳೀರಿ ಭಾವಾ ಅನ್ನುವುದು ಕಿವಿಯಲ್ಲಿ ಮತ್ತೆ ಬಂತು, ಆದರೆ ಅದು ಬರೀ ಅವಸರದ ಮಾತಾಗಿ ಕೇಳಿಸಿತು. ಮನೆಗೆ ನೆಂಟರು ಬಂದಾಗ ಯಾವ ಹೆಂಗಸಾದರೂ ಆಡುವ ಮಾತು.

ಮರುದಿನ ಬೆಳಿಗ್ಗೆ ಸೊಪ್ಪಿನ ಬಸ್ಸಿಗೆ ಹೋಗಲಿಲ್ಲ. ಪೊರಕೆ ತೆಗೆದುಕೊಂಡು ನನ್ನ ಬಾಗಿಲಿಂದ ಗುಡಿಸಲು ಶುರು ಮಾಡಿದೆ. ಹಗೆಯ ಹತ್ತಿರ ಬಂದಾಗ ಕೈ ತಾನಾಗಿಯೇ ನಿಂತಿತು. ಮುಳ್ಳನ್ನು ಬಳಸಿಕೊಂಡು ಆಚೆಗೆ ಹೋಗಿ, ಅವಳ ಹೊಸಿಲಿನವರೆಗೂ ಗುಡಿಸಿದೆ. ಅವಳು ಒಳಗಿಂದ ಬಂದು ನೋಡಿ, ‘ಅಕ್ಕಾ, ಆ ಮೂಲೇಲಿ ಕಸ ಅಂಗೇ ಅದೆ’ ಅಂದಳು. ಕೋಳಿಗಲ್ಲ, ನನಗೇ ಹೇಳಿದಳು. ನಾನು ಹೋಗಿ ಆ ಮೂಲೆಯನ್ನೂ ಗುಡಿಸಿದೆ.