ನಡುದಾರಿಯಲ್ಲಿ ನಿಲ್ಲಿಸಿದ ಬ್ಯಾಂಡು

ಜರ್ಮನಿ, ಜಪಾನು, ಪೋಲೆಂಡು ಅಂತ ಊರೂರು ತಿರುಗಿ, ಎಂಬತ್ತು ತೊಂಬತ್ತು ವಾದಕರ ಮುಂದೆ ಕೋಲು ಹಿಡಿದು ಆರ್ಕೆಸ್ಟ್ರಾ ನಡೆಸುವವಳು ನಾನು. ಪ್ರತಿ ಸಲವೂ ಹೆದರಿಕೆಯಾಗುತ್ತದೆ, ಸುಳ್ಳೇಕೆ ಹೇಳಲಿ? ಆದರೆ ನಮ್ಮ ಕಡೆಯ ವಳಸಂಗ ಎಂಬ ಹಳ್ಳಿಯ ಒಂದು ಮದುವೆ ಮೆರವಣಿಗೆಯಲ್ಲಿ ಹೆದರಿದಷ್ಟು ಎಲ್ಲೂ ಹೆದರಿಲ್ಲ.

ನಮ್ಮ ಅಬ್ಬಾ ಮಹಾರಾಷ್ಟ್ರದ ಗಡಿಯ ಜತ್ತ ಭಾಗದಲ್ಲಿ ಹೆಸರಾದ ಬ್ಯಾಂಡ್ ಮಾಸ್ತರರು. ನಾನು ಕ್ಲಾರಿನೆಟ್ ಊದಲು ಕಲಿತದ್ದೇ ಅವರ ಪಕ್ಕ ಕೂತು. ಹೋದ ವರ್ಷ ಅವರಿಗೆ ಸಾಂಗಲಿಯ ದವಾಖಾನೆಯಲ್ಲಿ ಎದೆಯ ಆಪರೇಷನ್ ಆಯಿತೆಂದು ಓಡಿ ಬಂದೆ. ಡಾಕ್ಟರು ಇನ್ನೂ ಏನೂ ಹೇಳಲು ಬರುವುದಿಲ್ಲ ಎನ್ನುತ್ತಿದ್ದರು. ಅಂಥದ್ದರಲ್ಲಿ ಅಬ್ಬಾ ನನ್ನ ಮೇಲೆ ರೇಗಿದರು.

"ವಳಸಂಗದವರಿಗೆ ಮಾತು ಕೊಟ್ಟೀನಿ. ನನ್ನ ಬದಲಿ ನೀ ಹೋಗು. ಹೊರದೇಶದಾಗ ನಡಸ್ತಿ, ನಮ್ಮೂರಾಗ ನಡಸಾಕ ಏನ್ ಧಾಡಿ ನಿನಗ?"

ಹೋದೆ. ಜೀವ ಮಾತ್ರ ದವಾಖಾನೆಯಲ್ಲೇ ಇತ್ತು. ಕೆಂಪು ಕೋಟು ತೊಟ್ಟ ಹನ್ನೊಂದು ಜನ, ನೆತ್ತಿ ಸುಡುವ ಬಿಸಿಲು, ಹಿಂದೆ ಕುದುರೆಯ ಮೇಲೆ ಮದುಮಗ. ದೊಡ್ಡ ಡೋಲು ಹೊತ್ತ ಚಾಚಾ, ಅಬ್ಬಾನ ತಮ್ಮ, ನನ್ನ ಬೆನ್ನಿಗೇ ಇದ್ದರು. ಮೂರನೇ ಹಾಡಿಗೆ ಹಿಂದೆ ಒಬ್ಬನ ಕ್ಲಾರಿನೆಟ್ಟು ಶ್ರುತಿ ತಪ್ಪಿತು. ತಪ್ಪಿದ್ದು ತಪ್ಪುತ್ತಲೇ ಹೋಯಿತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ತಾಲೀಮಿನಲ್ಲಿ ಮಾಡುವ ಹಾಗೆ ಗಕ್ಕನೆ ತಿರುಗಿ, ಎಲ್ಲರನ್ನೂ ನಿಲ್ಲಿಸಿಬಿಟ್ಟೆ.

ನಿಲ್ಲಿಸಿದ ಮೇಲೆ ನೆನಪಾಯಿತು. ನಮ್ಮಲ್ಲಿ ಮದುವೆಯ ವಾದ್ಯವನ್ನು ನಡುದಾರಿಯಲ್ಲಿ ನಿಲ್ಲಿಸುವುದಿಲ್ಲ. ಶ್ರುತಿ ತಪ್ಪಲಿ, ತಾಳ ತಪ್ಪಲಿ, ಹೆಣ್ಣಿನ ಮನೆ ಬಾಗಿಲು ಮುಟ್ಟುವವರೆಗೆ ಬಾರಿಸುತ್ತಲೇ ಇರಬೇಕು. ನಿಲ್ಲಿಸುವುದು ಒಂದೇ ಕಾರಣಕ್ಕೆ, ಸಾವಿನ ಸುದ್ದಿ ಬಂದರೆ.

ಚಾಚಾ ನನ್ನ ಮುಖ ನೋಡಿದರು. ಡೋಲು ಇಳಿಸಿ ಧೂಳಿನಲ್ಲೇ ಕುಸಿದು ಕೂತರು. "ಅಣ್ಣ ಹ್ವಾದನೇನ ಬೇಟಿ?" ಎಂದವರೇ ಗೊಳೋ ಎಂದು ಅತ್ತರು. ಉಳಿದವರು ಒಬ್ಬೊಬ್ಬರಾಗಿ ಟೊಪ್ಪಿಗೆ ತೆಗೆದರು. ಮದುಮಗನ ಅಜ್ಜಿ ಗಾಬರಿಯಿಂದ ಓಡಿ ಬಂದಳು. "ಯಾಕ್ರಿ, ಯಾರಿಗ ಏನಾತ್ರಿ?"

"ಇಲ್ಲ ಚಾಚಾ, ಶ್ರುತಿ ತಪ್ಪಿತ್ತು, ಅದಕ್ಕ..." ಎಂದೆ. ಯಾರೂ ನಂಬಲಿಲ್ಲ. ಅವರ ಭಯ ನನಗೂ ಹತ್ತಿತು. ನಾನು ನಿಲ್ಲಿಸಿದ ಗಳಿಗೆಯಲ್ಲೇ ಅಲ್ಲಿ ಏನಾದರೂ ಆಗಿದ್ದರೆ? ಎಂಥ ಅಪಶಕುನ ಮಾಡಿದೆ ನಾನು! ಅಮ್ಮಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಮೂರನೇ ಸಲಕ್ಕೆ ಯಾರೋ ಎತ್ತಿದರು, ಬರೀ ಉಸಿರು ಕೇಳಿತು.

"ಅಮ್ಮಿ?"

"ಅಕಿ ಔಷಧ ತರಾಕ ಹೋಗ್ಯಾಳ." ಅಬ್ಬಾನ ದನಿ, ತೀರ ಸಣ್ಣಗೆ. "ಇಷ್ಟೊತ್ತಿಗೆ ಮೆರವಣಿಗಿ ನಡದಿರಬೇಕು. ವಾದ್ಯ ಯಾಕ ಕೇಳವಲ್ದು? ಯಾರ ಸತ್ತಾರ?"

"ಯಾರೂ ಇಲ್ಲ ಅಬ್ಬಾ, ಯಾರೂ ಇಲ್ಲ," ಎಂದು ಬಿಕ್ಕಿದೆ. ಸ್ಪೀಕರ್ ಒತ್ತಿ ಚಾಚಾನ ಕಡೆ ಹಿಡಿದೆ.

"ಮತ್ತ ನಿಲ್ಲಸಿದ್ದ್ಯಾಕ, ಹುಚ್ಚಿ? ಬಾರಸ್ರಿ ಲಗೂನ. ನಾ ಕೇಳಾಕತ್ತೀನಿ."

ಚಾಚಾ ಅಳುತ್ತಲೇ ಎದ್ದು ಡೋಲು ಹೊತ್ತರು. ನಾನು ಫೋನನ್ನು ಬ್ಯಾಂಡಿನ ಕಡೆ ಎತ್ತಿ ಹಿಡಿದು ನಡೆದೆ. ಹತ್ತು ಹೆಜ್ಜೆಗೊಮ್ಮೆ ಕಿವಿಗೆ ಹಚ್ಚಿ, ಅವರ ಉಸಿರು ಕೇಳುತ್ತದೆಯೇ ಎಂದು ನೋಡುತ್ತಿದ್ದೆ.