ಮಹಡಿ ಮನೆಯ ಫ್ಯಾನು

ಸತ್ಯಮಂಗಲದ ಫ್ಯಾಕ್ಟರಿಯೊಂದರ ಕೆಲಸಕ್ಕೆ ಬಂದ ಜರ್ಮನಿಯ ಹೆಂಗಸೊಬ್ಬಳು ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದಳು. ಏಪ್ರಿಲ್ ಬಿಸಿಲಲ್ಲಿ ಅವಳ ಫ್ಯಾನು ಕೆಟ್ಟಿತು. ಫೋನ್ ಮಾಡಿದರೆ ಎಲೆಕ್ಟ್ರಿಷಿಯನ್, "ಐದೇ ನಿಮ್ಷ, ಬಂದೆ ಮೇಡಂ" ಅನ್ನುತ್ತಿದ್ದ. ಅದನ್ನು ನಂಬಿ ಎರಡು ದಿನ ರಜೆ ಹಾಕಿ ಬಾಗಿಲಲ್ಲೇ ಕಾದಳು. ಮೂರನೆಯ ದಿನ ಕುತ್ತಿಗೆ ತುಂಬ ಬೆವರುಸಾಲೆ ಎದ್ದಿತ್ತು.

"ಅಜ್ಜಿ, ನಾನು ಮನೆ ಖಾಲಿ ಮಾಡ್ತೀನಿ. ಇಲ್ಲಿ ಇರಕ್ಕಾಗಲ್ಲ," ಎಂದು ಕಲಿತಿದ್ದ ಕನ್ನಡದಲ್ಲೇ ನನಗೆ ಹೇಳಿದಳು.

"ಫೋನ್ ಮಾಡಿದ್ರೆ ಯಾರವ್ವಾ ಬರ್ತಾರೆ? ಅವ್ನ ಅಂಗ್ಡೀಗೋಗಿ ಕೂತ್ಕೋ. ಬೈಬೇಡ, ಮಾತೂ ಆಡ್ಬೇಡ. ಅವ್ನು ಏಳೋಗಂಟ ನೀನೂ ಏಳ್ಬೇಡ," ಎಂದೆ.

"ಅದು ಮರ್ಯಾದೆ ಅಲ್ಲ, ಅಜ್ಜಿ."

"ನಿಂಗೆ ಮರ್ಯಾದೆ ಬೇಕೋ, ಗಾಳಿ ಬೇಕೋ?"

ಹೋದಳು. ಸ್ಟೂಲಿನ ಮೇಲೆ ಕೂತು ಅವನನ್ನೇ ನೋಡುತ್ತಿದ್ದಳಂತೆ. ಅವನು ಟೀ ತರಿಸಿಕೊಟ್ಟ. ಕುಡಿದು ಮತ್ತೆ ನೋಡಿದಳು. ಅರ್ಧ ಗಂಟೆಗೆಲ್ಲ ಸ್ಕೂಟರಿನಲ್ಲಿ ಅವಳನ್ನು ಕೂರಿಸಿಕೊಂಡು ಬಂದ.

"ಏನಜ್ಜಿ, ಫಾರಿನ್‌ನವ್ರಿಗೂ ಇದ್ನ ಕಲಿಸ್ಬಿಟ್ರಾ?" ಎಂದು ಗೊಣಗುತ್ತಲೇ ಫ್ಯಾನು ಸರಿ ಮಾಡಿದ.

ಅವಳು ಇನ್ನೂ ಎರಡು ವರ್ಷ ಇಲ್ಲೇ ಇದ್ದಳು. ನಮ್ಮ ನಲ್ಲಿ ಸೋರಿದರೆ ಪ್ಲಂಬರ್ ಅಂಗಡಿಗೆ ನಾನು ಅವಳನ್ನೇ ಕಳಿಸುತ್ತಿದ್ದೆ.